ಗಡ್ಡೆಯ ಕಿಣ್ವದ ರಿಪೋರ್ಟ್ ಬರೋವರೆಗೆ ಕೀಮೋ ಬೇಡವಾ?

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಮಗಳೊಬ್ಬರು ತಂದೆಯನ್ನು ಕರೆದುಕೊಂಡು ಬಂದಿದ್ದರು. ತಂದೆಗೆ ಜಠರದ ಕ್ಯಾನ್ಸರ್. ಆಪರೇಷನ್ ಆಗಿತ್ತು, ಕೀಮೋ ಶುರುವಾಗಬೇಕಿತ್ತು, ಆದರೆ ಮಗಳು ತಡೆದಿದ್ದರು. “ಮೇಡಂ, ಗಡ್ಡೆಯಲ್ಲಿ ಡಿಪಿಡಿ, ಟಿಎಸ್ ಕಿಣ್ವ ಎಷ್ಟಿದೆ ಅಂತ ನೋಡದೆ 5-ಎಫ್‌ಯು ಕೀಮೋ ಹೇಗೆ ಕೊಡ್ತಾರೆ?” ಅಪ್ಪ ಪಕ್ಕದಲ್ಲಿ ಸುಮ್ನೆ ಕೂತಿದ್ದರು.

ಮಗಳು ಓದಿಕೊಂಡೇ ಬಂದಿದ್ದರು, ಓದಿದ್ದು ತಪ್ಪೂ ಅಲ್ಲ. ಜೀವಕೋಶ ಡಿಎನ್‌ಎ ಕಟ್ಟಲು ಟಿಎಸ್ ಎಂಬ ಕಿಣ್ವ ಬೇಕು, 5-ಎಫ್‌ಯು ಅದನ್ನೇ ಕಟ್ಟಿಹಾಕುತ್ತದೆ. ಡಿಪಿಡಿ ಈ ಔಷಧಿಯನ್ನು ಒಡೆದು ಹಾಕುತ್ತದೆ. ಹಾಗಾಗಿ ಗಡ್ಡೆಯಲ್ಲಿ ಇವೆರಡೂ ಜಾಸ್ತಿ ಇದ್ದರೆ ಔಷಧಿ ಸರಿಯಾಗಿ ನಾಟದೇ ಇರಬಹುದು ಅನ್ನೋ ಲೆಕ್ಕ ಸಹಜವೇ. ತೊಂದರೆ ಏನೆಂದರೆ ಅಧ್ಯಯನಗಳ ಫಲಿತಾಂಶ ಒಂದಕ್ಕೊಂದು ಹೊಂದಲಿಲ್ಲ, ಅಳೆಯುವ ವಿಧಾನವೂ ಬೇರೆ ಬೇರೆ, ಒಂದೇ ಗಡ್ಡೆಯ ಎರಡು ತುಂಡಿನಲ್ಲಿ ಮಟ್ಟ ಬೇರೆ ಇರಬಹುದು. ಅದಕ್ಕೇ ಇವನ್ನು ನೋಡಿ ಔಷಧಿ ಆರಿಸುವ ರೂಢಿ ಬಂದಿಲ್ಲ. ಇದೇ ಗುಂಪಿನ ಎಸ್-1 ಎಂಬ ಕೀಮೋ ಮಾತ್ರೆಯಲ್ಲಂತೂ ಡಿಪಿಡಿಯನ್ನು ತಡೆಯುವ ಜಿಮೆರಾಸಿಲ್ ಮೊದಲೇ ಸೇರಿರುತ್ತದೆ.

ಅವರ ಕಣ್ಣು ತಪ್ಪಿದ್ದು ಇನ್ನೊಂದು ಕಡೆ. ಗಡ್ಡೆಯ ಡಿಪಿಡಿ ಬೇರೆ, ಮೈಯ ಡಿಪಿಡಿ ಬೇರೆ. ಕೊಟ್ಟ 5-ಎಫ್‌ಯುನಲ್ಲಿ ಶೇ. 80ಕ್ಕೂ ಜಾಸ್ತಿ ಭಾಗವನ್ನು ಮುಖ್ಯವಾಗಿ ಯಕೃತ್ತಿನ ಡಿಪಿಡಿ ಒಡೆಯುತ್ತದೆ. ಹುಟ್ಟಿನಿಂದಲೇ ಅದು ಕಡಿಮೆ ಇರುವವರಿಗೆ ಮಾಮೂಲಿ ಡೋಸೇ ವಿಷ: ಬಾಯಿ ಹುಣ್ಣು, ನಿಲ್ಲದ ಭೇದಿ, ಬಿಳಿ ರಕ್ತಕಣ ಕುಸಿತ, ಸಾವೂ ಆಗಬಹುದು. ಇದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. 5-ಎಫ್‌ಯು, ಮೈಯೊಳಗೆ 5-ಎಫ್‌ಯು ಆಗಿ ಬದಲಾಗುವ ಕೇಪ್‌ಸಿಟಾಬಿನ್, ಟೆಗಾಫರ್ ಶುರು ಮಾಡುವ ಮೊದಲು ಇದನ್ನು ಮಾಡಿಸಿ ಎಂದು ಯುರೋಪಿನ ಔಷಧ ಸಂಸ್ಥೆ 2020ರಲ್ಲೇ ಹೇಳಿದೆ. ಎಸ್-1ರಲ್ಲಿ ಇರುವುದೂ ಟೆಗಾಫರೇ.

ನಾನು ಹೇಳಿದ್ದು ಇಷ್ಟು. ಟಿಶ್ಯೂ ಕಿಣ್ವಕ್ಕಾಗಿ ಕೀಮೋ ಮುಂದೂಡಬೇಡಿ, ಆಪರೇಷನ್ ಆದಮೇಲೆ ವಾರಗಳು ಲೆಕ್ಕಕ್ಕೆ ಬರುತ್ತವೆ. ಡಾಕ್ಟರನ್ನು ನೇರವಾಗಿ ಕೇಳಿ: ಡಿಪಿಡಿ ರಕ್ತಪರೀಕ್ಷೆ ಆಗಿದೆಯಾ, ಕಡಿಮೆ ಬಂದರೆ ಡೋಸ್ ಎಷ್ಟು ಇಳಿಸುತ್ತೀರಿ? ಗಡ್ಡೆಯ ಎಂಎಸ್‌ಐ, ಅಂದರೆ ಡಿಎನ್‌ಎ ತಪ್ಪು ತಿದ್ದುವ ವ್ಯವಸ್ಥೆ ಕೆಟ್ಟಿದೆಯಾ ಅಂತ ತೋರಿಸುವ ಪರೀಕ್ಷೆ, ನೋಡಿದ್ದೀರಾ? (ರೋಗ ಹರಡಿದ್ದರೆ ಗಡ್ಡೆಯಲ್ಲಿ ಹರ್-2 ಎಂಬ ಪ್ರೋಟೀನ್ ನೋಡಿದ್ದೀರಾ ಅಂತಲೂ ಕೇಳಬೇಕು. ಚಿಕಿತ್ಸೆಯನ್ನು ನಿಜವಾಗಿ ಬದಲಿಸುವ ಟಿಶ್ಯೂ ಪರೀಕ್ಷೆಗಳು ಇಂಥವು.)

ಆಮೇಲೆ ಅಪ್ಪನ ಕಡೆ ತಿರುಗಿ, ನಿಮಗೇನು ಚಿಂತೆ ಅಂತ ಕೇಳಿದೆ. ಆವರೆಗೆ ಯಾರೂ ಕೇಳಿರಲಿಲ್ಲ ಅಂತ ಕಾಣುತ್ತೆ. “ಮಧ್ಯರಾತ್ರಿ ವಾಂತಿ ಶುರುವಾದರೆ ಯಾರಿಗೆ ಫೋನ್ ಮಾಡಲಿ?” ಅಂದರು. ಕಿಣ್ವದ ಯೋಚನೆ ಅವರಿಗೆ ಇರಲೇ ಇಲ್ಲ.

ಮಗಳಿಗೆ ಹೇಳಿದೆ, ಈ ಪ್ರಶ್ನೆಯನ್ನು ಪಟ್ಟಿಯಲ್ಲಿ ಮೊದಲು ಬರೆಯಿರಿ. ರಾತ್ರಿ ಕರೆ ಮಾಡುವ ನಂಬರ್ ತಗೊಳ್ಳಿ. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಥವಾ ಭೇದಿ ನಿಲ್ಲದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ.