ಗಂಟೆಗಟ್ಟಲೆ ಗೇಮ್ ಆಡುವ ಮಗನಿಗೆ ಎಡಿಎಚ್‌ಡಿ ಇರುತ್ತದಾ? ಯಾವ ಶಿಕ್ಷೆ ಕೊಟ್ಟರೆ ಓದಲು ಕೂರುತ್ತಾನೆ?

ಇರಬಹುದು. ಎಡಿಎಚ್‌ಡಿ ಅಂದರೆ ಗಮನ ನಿಲ್ಲಿಸಲು, ಸುಮ್ಮನೆ ಕೂರಲು ಕಷ್ಟವಾಗುವ, ಚಿಕ್ಕಂದಿನಲ್ಲೇ ಶುರುವಾಗುವ ತೊಂದರೆ. "ಗೇಮ್ ಮುಂದೆ ಕೂರ್ತಾನಲ್ಲ, ಮತ್ತೇನು" ಅಂತ ನನ್ನ ಮಗನಿಗೆ ಇದಿರಬಹುದು ಅಂದ ಟೀಚರ್ ಮಾತನ್ನು ನಾನೂ ತಳ್ಳಿಹಾಕಿದವಳು.

ಶೂ ಹಾಕಿಕೊಂಡು ಬಾ ಅಂತ ಕಳಿಸಿದರೆ ನನ್ನ ಮಗ ಒಂದು ಕಾಲಿಗೆ ಸಾಕ್ಸ್ ಹಾಕಿ, ಇನ್ನೊಂದನ್ನು ಕೈಯಲ್ಲೇ ಹಿಡಿದು ಇರುವೆ ಸಾಲು ನೋಡುತ್ತಾ ಕೂತುಬಿಡುತ್ತಿದ್ದ. ಗೇಮ್ ಸಿಕ್ಕರೆ ಮಾತ್ರ ಅಲ್ಲಾಡುತ್ತಿರಲಿಲ್ಲ. ಹಾಗಾಗಿ ಇದೆಲ್ಲ ಹಟ, ಬೇಕಂತಲೇ ಮಾಡ್ತಾನೆ ಅಂತ ತೀರ್ಮಾನ ಮಾಡಿಬಿಟ್ಟೆ. ನನ್ನ ತಪ್ಪು ಅದೇ. ಹಟ ಅಂದುಕೊಂಡ ಮೇಲೆ ಮುರಿಯುವುದೊಂದೇ ದಾರಿ ಅನ್ನಿಸಿತು. ಬೈದೆ, ಆಟ ಬಂದ್ ಮಾಡಿದೆ, ಹೋಮ್‌ವರ್ಕ್ ಮುಗಿಯುವ ತನಕ ಕುರ್ಚಿ ಬಿಟ್ಟು ಏಳಬಾರದು ಅಂದೆ. ಅವನು ಪಾಪ ಕೂತ. ಅಳಿಸಿ ಅಳಿಸಿ ಹಾಳೆ ತೂತಾಯಿತು, ಲೆಕ್ಕ ಮುಗಿಯಲಿಲ್ಲ. ಆಮೇಲೆ ಒಂದು ರಾತ್ರಿ "ನಾನು ದಡ್ಡ ಅಲ್ವಾ ಅಮ್ಮ?" ಅಂತ ಕೇಳಿದ. ಈ ನಂಬಿಕೆ ಅವನೊಳಗೆ ಹೊಕ್ಕಿದ್ದು ನನ್ನಿಂದ. ಅದನ್ನು ತೆಗೆಯಲು ಇವತ್ತಿಗೂ ಒದ್ದಾಡುತ್ತಿದ್ದೇನೆ.

ಗೇಮ್‌ನಲ್ಲಿ ಕ್ಷಣಕ್ಕೊಂದು ಪಾಯಿಂಟ್ ಸಿಗುತ್ತದೆ, ಗಮನ ತಾನಾಗೇ ನಿಲ್ಲುತ್ತದೆ. ಬೇಜಾರಿನ ಕೆಲಸದ ಮೇಲೆ ಅದನ್ನು ಹಿಡಿದು ನಿಲ್ಲಿಸುವುದೇ ಈ ಮಕ್ಕಳಿಗೆ ಕಷ್ಟ. ಶಿಕ್ಷೆಯಿಂದ ಆ ಶಕ್ತಿ ಬರುವುದಿಲ್ಲ. ಹಾಗಾಗಿ ಯಾವ ಶಿಕ್ಷೆ ಅನ್ನುವ ಪ್ರಶ್ನೆಯನ್ನೇ ಬಿಟ್ಟುಬಿಡಿ.

ಮೊದಲು ಮಕ್ಕಳ ಡಾಕ್ಟರ್ ಅಥವಾ ಮಕ್ಕಳ ಮನೋವೈದ್ಯರಿಗೆ ತೋರಿಸಿ. ಇದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲ. ಲಕ್ಷಣಗಳು 12 ವರ್ಷದೊಳಗೆ ಶುರುವಾಗಿರಬೇಕು, ಕಡೇಪಕ್ಷ 6 ತಿಂಗಳು ಇರಬೇಕು, ಮನೆ, ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು. ಅದಕ್ಕೇ ಟೀಚರ್ ಹತ್ತಿರ ನೋಡಿದ್ದನ್ನೆಲ್ಲ ಬರೆಸಿಕೊಂಡು ಹೋಗಿ. ಕಣ್ಣು, ಕಿವಿ, ನಿದ್ದೆಯ ತೊಂದರೆ ಇದೆಯಾ ಅಂತಲೂ ನೋಡಿಸಿ.

ಮನೆಯಲ್ಲಿ ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಅದೂ ಹತ್ತಿರ ಹೋಗಿ. ಅಡುಗೆಮನೆಯಿಂದ ಕೂಗಿ ಪ್ರಯೋಜನವಿಲ್ಲ. ಎರಡು ಲೆಕ್ಕ ಮಾಡಿದರೆ ಎದ್ದು ಓಡಾಡಲಿ. ಮೆಚ್ಚುಗೆ ಆ ಕ್ಷಣವೇ ಸಿಗಬೇಕು, ತಿಂಗಳ ಕೊನೆಯ ಸೈಕಲ್ ಆಸೆ ಅವರನ್ನು ಎಳೆಯುವುದಿಲ್ಲ.

ಮಾತ್ರೆ ಅಂದರೆ ನನಗೂ ಭಯ ಇತ್ತು. ತೀರಾ ಚಿಕ್ಕವರಿಗೆ ಮೊದಲು ಅಪ್ಪ ಅಮ್ಮನಿಗೇ ತರಬೇತಿ ಕೊಡುತ್ತಾರೆ. 6 ವರ್ಷ ದಾಟಿದವರಿಗೆ ಮೀಥೈಲ್‌ಫೆನಿಡೇಟ್ ಥರದ ಔಷಧಿ ಬರೆಯಬಹುದು. ಡಾಕ್ಟರ್ ಹೇಳಿದರೆ ಸುಮ್ನೆ ಹೆದರಿ ಬೇಡ ಅನ್ನಬೇಡಿ. ನಮ್ಮವನಿಗೆ ಮಧ್ಯಾಹ್ನದ ಹಸಿವು ಕಮ್ಮಿಯಾಯಿತು. ಈಗ ಬೆಳಿಗ್ಗೆ ಮಾತ್ರೆಗೆ ಮುಂಚೆ ಹೊಟ್ಟೆ ತುಂಬಾ ತಿನ್ನಿಸುತ್ತೇವೆ, ತೂಕ, ಎತ್ತರ ಆಗಾಗ ನೋಡಿಸುತ್ತೇವೆ.