ಸೊಳ್ಳೆ ಕಡಿಮೆ ಮಾಡಲು ಸೊಳ್ಳೆಯನ್ನೇ ಬಿಡುವುದೇ?

ಪ್ರಶ್ನೆ: ಡೆಂಗಿ ತಡೆಯಲು ಲಕ್ಷಗಟ್ಟಲೆ ಸೊಳ್ಳೆ ಸಾಕಿ, ವಿಕಿರಣ ಹಾಯಿಸಿ ಹೊರಗೆ ಬಿಡುತ್ತಾರಂತೆ. ಇರುವ ಸೊಳ್ಳೆ ಸಾಲದೇ ಸರ್? ಅವು ಕಚ್ಚಿದರೆ ನಮ್ಮ ಗತಿಯೇನು?

ಉತ್ತರ: ಬಿಡುವುದು ಗಂಡು ಸೊಳ್ಳೆಗಳನ್ನು, ಅದೂ ವಿಕಿರಣದಿಂದ ಗೊಡ್ಡು ಮಾಡಿದವನ್ನು. ಗಂಡು ಕಚ್ಚುವುದಿಲ್ಲ, ಮಕರಂದ, ಗಿಡದ ರಸ ಹೀರಿ ಬದುಕುತ್ತದೆ. ರಕ್ತ ಬೇಕಾಗುವುದು ಹೆಣ್ಣಿಗೆ, ಮೊಟ್ಟೆ ಕಟ್ಟಲು. ಇನ್ನು ವಿಕಿರಣ. ಎಕ್ಸ್‌ರೇ ತೆಗೆಸಿಕೊಂಡವರ ಮೈಯಿಂದ ಆಮೇಲೆ ಕಿರಣ ಹೊರಡುತ್ತದೆಯೇ? ಇಲ್ಲ ಅಲ್ವಾ? ಸೊಳ್ಳೆಯ ಮೈಯಲ್ಲೂ ಅದು ಉಳಿಯುವುದಿಲ್ಲ.

ಸೊಳ್ಳೆ ಸಾಕುವ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವನು ನಾನು. ಜನ ವಿಕಿರಣಕ್ಕೆ ಹೆದರುತ್ತಾರೆ, ನಮಗೆ ತಲೆನೋವು ಗಂಡು–ಹೆಣ್ಣು ಬೇರ್ಪಡಿಸುವುದು. ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆಯಲ್ಲಿ ಗಂಡು ಪ್ಯೂಪಾ (ರೆಕ್ಕೆ ಬರುವ ಮುಂಚಿನ ಕೋಶದ ಹಂತ) ಹೆಣ್ಣಿಗಿಂತ ಚಿಕ್ಕದು. ಎರಡು ಗಾಜಿನ ಹಲಗೆಗಳ ನಡುವಿನ ಸಂದು ಕೆಳಕ್ಕೆ ಹೋದಂತೆ ಕಿರಿದಾಗುವ ಹಾಗೆ ಜೋಡಿಸಿ, ನೀರಿನ ಜೊತೆ ಪ್ಯೂಪಾ ಸುರಿಯುತ್ತೇವೆ. ದಪ್ಪನೆಯ ಹೆಣ್ಣು ಮೇಲೆಯೇ ಸಿಕ್ಕಿಕೊಳ್ಳುತ್ತದೆ, ಗಂಡು ಕೆಳಗಿಳಿಯುತ್ತದೆ. ಆದರೆ ಟ್ರೇಯಲ್ಲಿ ಲಾರ್ವಾ, ಅಂದರೆ ಸೊಳ್ಳೆಮರಿ ಹುಳು, ಜಾಸ್ತಿಯಾಗಿ ಮೇವು ಸಾಲದಿದ್ದರೆ ಹೆಣ್ಣೂ ಸಣಕಲಾಗಿ ಗಂಡುಗಳ ಜೊತೆ ಜಾರಿಬಿಡುತ್ತದೆ. ಹಾಗೆ ತಪ್ಪಿಸಿಕೊಂಡ ಒಂದೆರಡು ಹೆಣ್ಣು ಕಚ್ಚಬಹುದು, ಸುಳ್ಳು ಹೇಳುವುದಿಲ್ಲ. ಆದರೆ ರೋಗಿಯನ್ನು ಕಚ್ಚದೆ ಬೆಳೆದ ಸೊಳ್ಳೆಗೆ ಸಾಮಾನ್ಯವಾಗಿ ಡೆಂಗಿ ವೈರಸ್ ಎಲ್ಲಿಂದ ಬರಬೇಕು?

ವಿಕಿರಣದ ಅಳತೆಯೂ ನಾಜೂಕಿನದು. ಕಡಿಮೆಯಾದರೆ ಸಂತಾನಶಕ್ತಿ ಉಳಿಯುತ್ತದೆ. ಜಾಸ್ತಿಯಾದರೆ ಗಂಡು ಸೊರಗಿ, ಹೊರಗಿನ ಗಂಡುಗಳ ಎದುರು ಸೋಲುತ್ತದೆ. ಹೆಣ್ಣು ಈಡಿಸ್ ಸಾಮಾನ್ಯವಾಗಿ ಒಂದೇ ಸಲ ಕೂಡಿ, ಆ ವೀರ್ಯವನ್ನು ಮೈಯಲ್ಲಿಟ್ಟುಕೊಂಡು ಬದುಕಿರುವವರೆಗೂ ಮೊಟ್ಟೆ ಇಡುತ್ತದೆ. ಗೊಡ್ಡು ಗಂಡಿನ ಜೊತೆ ಕೂಡಿತೋ, ಇಟ್ಟ ಮೊಟ್ಟೆ ಒಡೆಯುವುದೇ ಇಲ್ಲ.

ಈ ಉಪಾಯ ಸೊಳ್ಳೆಗೆಂದು ಹುಟ್ಟಿದ್ದಲ್ಲ. ಜಾನುವಾರುಗಳ ಗಾಯದಲ್ಲಿ ಮೊಟ್ಟೆಯಿಡುವ ಸ್ಕ್ರೂವರ್ಮ್ ನೊಣದ ಮೇಲೆ ಅಮೆರಿಕದ ಕೀಟವಿಜ್ಞಾನಿ ಎಡ್ವರ್ಡ್ ನಿಪ್ಲಿಂಗ್ ಅವರ ತಂಡ 1954ರಲ್ಲಿ ಕೆರಿಬಿಯನ್ನಿನ ಕುರಸಾವ್ ದ್ವೀಪದಲ್ಲಿ ಇದನ್ನು ಮಾಡಿ ಗೆದ್ದಿತು. ಸೊಳ್ಳೆಯಲ್ಲಿ ನನಗೆ ಹೆಚ್ಚು ಭರವಸೆ ಕೊಟ್ಟದ್ದು ಚೀನಾದ ಗ್ವಾಂಗ್‌ಝೌ ಪ್ರಯೋಗ. ವಿಕಿರಣದ ಜೊತೆ ಕೀಟಗಳ ಮೈಯೊಳಗೆ ಬದುಕುವ ವೊಲ್ಬಾಕಿಯಾ ಬ್ಯಾಕ್ಟೀರಿಯಾವನ್ನೂ ಬಳಸಿ, ಎರಡು ದ್ವೀಪಗಳಲ್ಲಿ ಡೆಂಗಿ ಹರಡುವ ಇನ್ನೊಂದು ಈಡಿಸ್ ಜಾತಿಯಾದ ಏಷ್ಯನ್ ಟೈಗರ್ ಸೊಳ್ಳೆಯನ್ನು ಬಹುತೇಕ ಇಲ್ಲವಾಗಿಸಿದರು. ವರದಿ ಬಂದದ್ದು 2019ರಲ್ಲಿ. ಎರಡು ಕಡೆಯೂ ದ್ವೀಪ ಅನ್ನುವುದನ್ನು ಗಮನಿಸಿ. ಸುತ್ತ ನೀರಿದ್ದರೆ ಹೊರಗಿನ ಸೊಳ್ಳೆ ಸುಲಭವಾಗಿ ನುಗ್ಗುವುದಿಲ್ಲ. ನಗರದ ನಡುವೆ ಆ ಅನುಕೂಲ ಎಲ್ಲಿ?

ಪ್ರಶ್ನೆ: ಒಮ್ಮೆ ಬಿಟ್ಟರೆ ಸಾಕೇ? ಹೊಗೆ ಹಾಕುವುದನ್ನು ನಿಲ್ಲಿಸಬಹುದೇ?

ಉತ್ತರ: ಒಮ್ಮೆ ಬಿಟ್ಟರೆ ಸಾಲದು. ಬಿಟ್ಟ ಗಂಡು ಬಹಳ ದಿನ ಬದುಕುವುದಿಲ್ಲ. ಈಡಿಸ್ ಮೊಟ್ಟೆಯಾದರೋ ಒಣಗಿದ ಡ್ರಮ್ಮಿನ ಅಂಚಿನಲ್ಲೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಹಾಗಾಗಿ ಮತ್ತೆ ಮತ್ತೆ ಬಿಡುತ್ತಲೇ ಇರಬೇಕು, ಅದೂ ಹೊರಗಿನ ಗಂಡುಗಳಿಗಿಂತ ಎಷ್ಟೋ ಪಟ್ಟು ಹೆಚ್ಚಿಗೆ. ಮೊದಲು ನಿಂತ ನೀರು ಚೆಲ್ಲಿ, ಲಾರ್ವಾ ಕೊಂದು, ಇರುವ ಸೊಳ್ಳೆ ಇಳಿಸಿಕೊಂಡರೆ ಈ ಲೆಕ್ಕ ಕೈಗೆಟುಕುತ್ತದೆ. ಇನ್ನೊಂದು ಮಾತು, ಈಡಿಸ್ ಗಂಡು ಬಿಟ್ಟರೆ ಕಡಿಮೆಯಾಗುವುದು ಈಡಿಸ್ ಮಾತ್ರ. ರಾತ್ರಿ ಕಿವಿಯ ಹತ್ತಿರ ಗುಂಯ್‌ಗುಡುವ ಕ್ಯುಲೆಕ್ಸ್ ಹಾಗೇ ಇರುತ್ತದೆ, ಅದಕ್ಕೆ ನಮ್ಮನ್ನು ಬೈಯಬೇಡಿ!

ಹೊಗೆಯ ವಿಷಯ: ರೋಗ ಜೋರಾಗಿ ಹಬ್ಬಿದಾಗ ಅದು ಬೇಕಾಗಬಹುದು. ಆದರೆ ಇವತ್ತು ಗಂಡು ಬಿಟ್ಟು ನಾಳೆ ಹೊಗೆ ಹಾಕಿದರೆ ಸಾಕಿದವೂ ಸಾಯುತ್ತವೆ. ಯಾವ ದಿನ ಯಾವುದೆಂದು ಎರಡೂ ತಂಡಗಳು ಮೊದಲೇ ಮಾತಾಡಿಕೊಳ್ಳಬೇಕು.