ಲ್ಯಾಪ್‌ಟಾಪ್ ಆನ್ ಆಗಿ ಹತ್ತು ನಿಮಿಷ ಏನೂ ಓಪನ್ ಆಗಲ್ಲ, ಸ್ಟಾರ್ಟಪ್‌ನಲ್ಲಿರೋದೆಲ್ಲ (ಆನ್ ಆದಾಗ ತಾನಾಗೇ ಶುರುವಾಗೋ ಪ್ರೋಗ್ರಾಂಗಳು) ಡಿಸೇಬಲ್ ಮಾಡಿದ್ರೆ ತೊಂದ್ರೆ ಇದ್ಯಾ?

ಎಲ್ಲಾ ಮಾಡ್ಬೇಡಿ ಮಾರಾಯ್ರೆ. ವಿಂಡೋಸ್ 10, 4 ಜಿಬಿ ರ್‍ಯಾಮ್, ಹಳೇ ಹಾರ್ಡ್‌ಡಿಸ್ಕ್, ಬ್ಯಾಟರಿ ಸತ್ತಿದೆ, ಕಾರವಾರದಲ್ಲಿ ಮಳೆಗೆ ಕರೆಂಟ್ ಹೋದಾಗೆಲ್ಲ ಮತ್ತೆ ಮೊದಲಿಂದ ಆನ್ ಮಾಡ್ಬೇಕು ಅಂತ ಬರ್ದಿದೀರಿ, ನಿಮ್ಮ ಕಷ್ಟ ನಂಗೆ ಚೆನ್ನಾಗಿ ಗೊತ್ತು. ನಾನು ಶಿರಸಿಲಿ ಟೈಪಿಂಗ್, ಪಹಣಿ ಪ್ರಿಂಟ್ ಮಾಡೋ ಅಂಗಡಿ ಇಟ್ಕೊಂಡಿದೀನಿ, ಜೂನ್ ಬಂತು ಅಂದ್ರೆ ನಮ್ಮಲ್ಲೂ ಇದೇ ಪಾಡು.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ಬರತ್ತೆ, ಚಿಕ್ಕದಾಗಿ ಬಂದ್ರೆ ಮೋರ್ ಡೀಟೇಲ್ಸ್ ಒತ್ತಿ, ಸ್ಟಾರ್ಟಪ್ ಟ್ಯಾಬಿಗೆ ಹೋಗಿ. ಅಲ್ಲಿ ಸ್ಟಾರ್ಟಪ್ ಇಂಪ್ಯಾಕ್ಟ್ ಅಂತ ಒಂದು ಕಾಲಂ ಇದೆ. ಹೈ ಅಂತಿದ್ರೆ ಆ ಪ್ರೋಗ್ರಾಂ ಆನ್ ಆಗೋವಾಗ ಪ್ರೊಸೆಸರ್‌ನ 1 ಸೆಕೆಂಡಿಗಿಂತ ಜಾಸ್ತಿ ಹೊತ್ತು ಹಿಡ್ಕೊಂಡಿದೆ, ಇಲ್ಲಾಂದ್ರೆ ಡಿಸ್ಕಲ್ಲಿ 3 ಎಂಬಿಗಿಂತ ಹೆಚ್ಚು ಓದಿ ಬರ್ದಿದೆ ಅಂತ. 1 ಸೆಕೆಂಡ್ ಏನು ಮಹಾ ಅನ್ಸಬಹುದು, ಆದ್ರೆ ಹಾರ್ಡ್‌ಡಿಸ್ಕಲ್ಲಿ ಓದೋ ಮುಳ್ಳು ಜಾಗದಿಂದ ಜಾಗಕ್ಕೆ ಓಡಾಡ್ಬೇಕು, ಹತ್ತು ಪ್ರೋಗ್ರಾಂ ಒಟ್ಟಿಗೆ ನಂಗೆ ನಂಗೆ ಅಂದ್ರೆ ಎಲ್ಲಾದೂ ಕಾಯ್ತಾ ಕೂರತ್ತೆ. ಪ್ರೊಸೆಸಸ್ ಟ್ಯಾಬಲ್ಲಿ ಡಿಸ್ಕ್ 100% ಅಂತ ಕೆಂಪಾಗಿರೋದು ನೋಡಿರ್ತೀರಿ, ನಿಮ್ಮ ಹತ್ತು ನಿಮಿಷ ಹೋಗ್ತಿರೋದು ಅಲ್ಲೇ.

ಸ್ಪಾಟಿಫೈ, ಟೀಮ್ಸ್, ಸ್ಟೀಮ್, ಪ್ರಿಂಟರ್ ಕಂಪನಿಯ ಅಪ್ಡೇಟರ್ ಇವೆಲ್ಲ ಡಿಸೇಬಲ್ ಮಾಡಿ, ಬೇಕಾದಾಗ ನೀವೇ ಓಪನ್ ಮಾಡಿದ್ರೆ ಮಾಮೂಲಿ ಕೆಲಸ ಮಾಡತ್ತೆ. ಒನ್‌ಡ್ರೈವ್ ಡಿಸೇಬಲ್ ಮಾಡೋ ಮುಂಚೆ ಯೋಚ್ನೆ ಮಾಡಿ, ಫೈಲ್ ಅದ್ರಲ್ಲೇ ಇಡ್ತಿದ್ರೆ ಒನ್‌ಡ್ರೈವ್ ಓಪನ್ ಮಾಡೋ ತನಕ ಅವು ಇಂಟರ್ನೆಟ್ ಕಾಪಿ ಜೊತೆ ಸಿಂಕ್ ಆಗಲ್ಲ. ಆಂಟಿವೈರಸ್, ಟಚ್‌ಪ್ಯಾಡ್, ಆಡಿಯೋದು ಮುಟ್ಟಬೇಡಿ. ಮತ್ತೆ ನುಡಿ ಅಥವಾ ಬರಹ ಅನ್ನೋ ಕನ್ನಡ ಸಾಫ್ಟ್‌ವೇರಲ್ಲಿ ಟೈಪ್ ಮಾಡೋರಾದ್ರೆ ಅದು ಹಿಂದೆ ಓಡ್ತಾ ಇದ್ರೆ ಮಾತ್ರ ಕೀ ಒತ್ತಿದಾಗ ಕನ್ನಡ ಬರೋದು, ಸಾಫ್ಟ್‌ವೇರ್ ಹಾಳಾಯ್ತು ಅಂತ ನಮ್ಮ ಅಂಗಡಿಗೆ ಬಂದವರದ್ದು ಎಷ್ಟೋ ಸಲ ಇಷ್ಟೇ ಆಗಿರತ್ತೆ. ನಾನಂತೂ ನುಡಿ ಶಾರ್ಟ್‌ಕಟ್‌ನ ಸ್ಟಾರ್ಟಪ್ ಫೋಲ್ಡರಲ್ಲೇ ಹಾಕಿಟ್ಟಿದೀನಿ.

ಕ್ರೋಮ್ ಮಾತ್ರ ಬೇರೆ ಥರ. ಕ್ಲೋಸ್ ಮಾಡಿದ್ಮೇಲೂ ಹಿಂದೆ ಓಡ್ತಿರತ್ತೆ, ಸೆಟ್ಟಿಂಗ್ಸ್‌ನ ಸಿಸ್ಟಮ್‌ನಲ್ಲಿ ಬ್ಯಾಕ್‌ಗ್ರೌಂಡ್ ಆಪ್ಸ್ ಅನ್ನೋದನ್ನ ಆಫ್ ಮಾಡಿ. ಎಡ್ಜ್‌ನಲ್ಲಿ ಸ್ಟಾರ್ಟಪ್ ಬೂಸ್ಟ್ ಆಫ್ ಮಾಡಿ.

ಸರ್ವಿಸಸ್‌ಗೆ, ಅಂದ್ರೆ ವಿಂಡೋಸ್ ಹಿಂದೆ ಓಡಿಸೋ ಕೆಲಸಗಳ ಪಟ್ಟಿಗೆ, ಮಾತ್ರ ಕೈ ಹಾಕ್ಬೇಡಿ, ಇದನ್ನ ನಾನು ಅನುಭವಿಸಿ ಹೇಳ್ತಿರೋದು. ಎರಡು ವರ್ಷದ ಹಿಂದೆ ಯಾವ್ದೋ ವಿಡಿಯೋ ನೋಡಿ ಇವೆಲ್ಲ ಬೇಡದ್ದು ಅಂತ ಸಾಲಾಗಿ ಡಿಸೇಬಲ್ ಮಾಡಿದೆ, ಅದ್ರಲ್ಲಿ ಪ್ರಿಂಟರ್‌ಗೆ ಕೆಲಸ ಕಳ್ಸೋ ಪ್ರಿಂಟ್ ಸ್ಪೂಲರ್ ಕೂಡ ಇತ್ತು, ಮರುದಿನ ಬೆಳೆ ಸಾಲಕ್ಕೆ ಪಹಣಿ ಬೇಕು ಅಂತ ಬನವಾಸಿ ಕಡೆಯಿಂದ ಬಸ್ ಹತ್ತಿ ಬಂದವರು ಮಳೇಲಿ ನಿಂತಿದ್ದಾರೆ, ಒಂದು ಹಾಳೆನೂ ಹೊರಗೆ ಬರ್ತಿಲ್ಲ, ನಾನು ಕೇಬಲ್ ಬದಲಿಸ್ತಾ ಅರ್ಧ ದಿನ ಕಳ್ದೆ. ವಯಸ್ಸಾದವರೊಬ್ರು ಬಸ್ಸಿಗೆ ಹೊತ್ತಾಯ್ತು ಅಂತ ಹಾಗೇ ವಾಪಸ್ ಹೋದ್ರು, ಅದು ಇವತ್ತಿಗೂ ಮನಸ್ಸಲ್ಲಿದೆ. ಅವತ್ತಿಂದ ದಿನಕ್ಕೆ ಒಂದೋ ಎರಡೋ ಡಿಸೇಬಲ್ ಮಾಡ್ತೀನಿ, ಹೆಸರು ಪುಸ್ತಕದಲ್ಲಿ ಬರ್ದಿಡ್ತೀನಿ, ರೀಸ್ಟಾರ್ಟ್ ಮಾಡಿ ಎಲ್ಲ ಸರಿ ಇದ್ರೆ ಮುಂದಿಂದು. ಶಟ್‌ಡೌನ್ ಅಲ್ಲ, ರೀಸ್ಟಾರ್ಟೇ ಮಾಡಿ, ಫಾಸ್ಟ್ ಸ್ಟಾರ್ಟಪ್ ಆನ್ ಇದ್ರೆ ಶಟ್‌ಡೌನ್ ಮಾಡಿದಾಗ ವಿಂಡೋಸ್ ತನ್ನ ಒಂದು ಭಾಗನ ಡಿಸ್ಕಲ್ಲಿ ಉಳಿಸ್ಕೊಂಡು ಮತ್ತೆ ಅದನ್ನೇ ಎತ್ಕೊಂಡ್ ಬರತ್ತೆ. ಕರೆಂಟ್ ಫಟ್ಟಂತ ಹೋದಾಗ ಹಾಗೆ ಉಳಿಸ್ಕೊಳ್ಳೋಕೂ ಟೈಮಿರಲ್ಲ, ಅದಕ್ಕೇ ಆಮೇಲೆ ಆನ್ ಆಗೋದು ಇನ್ನೂ ನಿಧಾನ.

ಇಷ್ಟಾದ್ಮೇಲೂ ಡಿಸ್ಕ್ 100% ಲೇ ನಿಂತಿದ್ರೆ ಸ್ಟಾರ್ಟಪ್ ಲಿಸ್ಟ್ ಬಿಟ್ಬಿಡಿ, ಇರೋ ದುಡ್ಡಲ್ಲಿ ಮೊದಲು ಹಾರ್ಡ್‌ಡಿಸ್ಕ್ ಬದಲು ಒಂದು ಎಸ್‌ಎಸ್‌ಡಿ (ಓಡಾಡೋ ಮುಳ್ಳಿಲ್ಲದ ಡಿಸ್ಕ್) ಹಾಕ್ಸಿ, ರ್‍ಯಾಮ್ ಆಮೇಲೆ, ಬ್ಯಾಟರಿನೂ ಮುಂದಿನ ಮಳೆಗಾಲದ ಒಳಗೆ ಬದಲಿಸ್ಕೊಳ್ಳಿ.